ಕಿಟಕಿಯಾಚೆಯ ಎರಿ ಹೊಲ: ಪ್ರವಾಸಿ ರೈಲು ಒಂದು ಸೀಮೆಯನ್ನು ಹೇಗೆ ತೋರಿಸುತ್ತದೆ?

ಕರ್ನಾಟಕದ ಗೋಲ್ಡನ್ ಚಾರಿಯಟ್ ರೈಲು 2008ರಲ್ಲಿ ಶುರುವಾದಾಗ ಅದರ ಬೋಗಿಗಳಿಗೆ ರಾಜವಂಶಗಳ ಹೆಸರಿಟ್ಟರು. ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ, ಬಹಮನಿ, ಯದುಕುಲ, ಹೀಗೆ. ಅವುಗಳಲ್ಲಿ ಎರಡು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಯವೇ. ಒಂದು ಬಾದಾಮಿಯ ಚಾಲುಕ್ಯರದು, ಇನ್ನೊಂದು ವಿಜಯಪುರದ ಆದಿಲ್ ಶಾಹಿಗಳದು. ಮೊದಲಿನ ಮಾರ್ಗದಲ್ಲಿ ಬಾದಾಮಿಯೂ ಒಂದು ನಿಲುಗಡೆಯಾಗಿತ್ತು. ಪ್ರವಾಸಿಗರು ಹಗಲಲ್ಲಿ ಇಳಿದು ಗುಹೆಗಳನ್ನು, ಪಟ್ಟದಕಲ್ಲನ್ನು, ಐಹೊಳೆಯನ್ನು ನೋಡಿ ಬರುವ ಏರ್ಪಾಡು.

ಇಂಥ ಐಷಾರಾಮಿ ರೈಲುಗಳ ಪದ್ಧತಿಯೇ ಹಾಗೆ. ಹಗಲು ಊರು ನೋಡುವುದು, ರಾತ್ರಿ ಪ್ರಯಾಣ ಮಾಡುವುದು. ಅತಿಥಿಗೆ ಸಮಯ ಉಳಿಯುತ್ತದೆ, ನಿದ್ದೆಯೂ ಆಗುತ್ತದೆ. ಆದರೆ ಒಂದು ಗುಡಿಗೂ ಇನ್ನೊಂದು ಗುಡಿಗೂ ನಡುವೆ ಇರುವ ನೆಲ ಕತ್ತಲಲ್ಲೇ ದಾಟಿಹೋಗುತ್ತದೆ. ಜೋಳದ ಹೊಲ, ಮಾಳಿಗೆ ಮನೆ, ಕಣಿಕಿಯ ಬಣವಿ, ಹಳ್ಳದ ದಂಡೆಯ ಜಾಲಿ ಗಿಡ ಯಾವುದೂ ಕಾಣುವುದಿಲ್ಲ. ಚಾಲುಕ್ಯ ಎಂಬ ಹೆಸರಿನ ಬೋಗಿಯಲ್ಲಿ ಮಲಗಿದವರು ಚಾಲುಕ್ಯರ ನಾಡನ್ನು ನಿದ್ದೆಯಲ್ಲೇ ದಾಟಬಹುದು.

ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಯಾಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗುರುತು ಸ್ಮಾರಕಗಳಲ್ಲಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಈ ನಡುವಿನ ನೆಲದಲ್ಲಿ ಇದೆ. ಸ್ಮಾರಕ ಹುಟ್ಟಿದ್ದೂ ಅದೇ ನೆಲದಿಂದ. ಒಂದು ರೈಲು ಪ್ರಯಾಣ ಸೀಮೆಯೊಂದರ ಸಂಸ್ಕೃತಿಯನ್ನು ಹೇಗೆ ತೋರಿಸುತ್ತದೆ, ಯಾವುದನ್ನು ಮರೆಮಾಡುತ್ತದೆ ಅನ್ನುವುದನ್ನು ನಮ್ಮದೇ ಎರಡು ರೈಲು ಮಾರ್ಗ ಹಿಡಿದು ಬಿಡಿಸಿ ನೋಡೋಣ.

ಮಳೆ ಎಷ್ಟೋ ಮಾಡು ಅಷ್ಟು

ಗುಡ್ಡ, ನದಿ, ಬಯಲು ಇವು ಪ್ರಕೃತಿ ಕೊಟ್ಟದ್ದು. ಅದರ ಮೇಲೆ ಜನ ನೂರಾರು ವರ್ಷ ಬದುಕಿದಾಗ ಹೊಲದ ಬದು, ಬಾವಿ, ಗುಡಿ, ದಾರಿ, ಮನೆ ಎಲ್ಲ ಸೇರಿ ನೆಲ ಬೇರೆಯೇ ರೂಪ ಪಡೆಯುತ್ತದೆ. ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಸಾವರ್ 1925ರಲ್ಲಿ ಇದನ್ನೇ ವಾದವಾಗಿ ಮಂಡಿಸಿದರು. ಪ್ರಕೃತಿ ಕಚ್ಚಾ ಸಾಮಗ್ರಿ, ಅದರ ಮೇಲೆ ಕೆಲಸ ಮಾಡುವುದು ಸಂಸ್ಕೃತಿ, ಕೊನೆಗೆ ಕಣ್ಣಿಗೆ ಕಾಣುವ ನೆಲ ಎರಡರ ಫಲ ಎಂಬುದು ಅವರ ವಾದದ ತಿರುಳು. 1992ರಿಂದ ಯುನೆಸ್ಕೊ ಕೂಡ ತನ್ನ ವಿಶ್ವ ಪರಂಪರೆ ಪಟ್ಟಿಯಲ್ಲಿ ಇಂಥ ಸಾಂಸ್ಕೃತಿಕ ನೆಲಗಳಿಗೆ ಬೇರೆ ವರ್ಗವನ್ನೇ ಮಾಡಿದೆ.

ಇದು ನಮ್ಮಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ಮನೆಗಳ ಮೇಲ್ಭಾಗ ನೋಡಿದರೆ ಸಾಕು. ಖಾನಾಪುರದ ಕಡೆ ಹಳೆಯ ಮನೆಗಳಿಗೆ ಇಳಿಜಾರಾದ ಹಂಚಿನ ಮಾಡು. ಅಲ್ಲಿ ಮಳೆ ಜೋರು, ನೀರು ತಕ್ಷಣ ಜಾರಿ ಹೋಗಬೇಕು. ಹಂಚು ಮಾಡಲು ಬೇಕಾದ ಮಣ್ಣೂ ಅಲ್ಲೇ ಸಿಗುತ್ತದೆ. ಖಾನಾಪುರ ಹಂಚಿಗೆ, ಕುಂಬಾರಿಕೆಗೆ ಹೆಸರಾಗಿರುವುದು ಇದೇ ಕಾರಣಕ್ಕೆ. ಬಾಗಲಕೋಟೆ, ವಿಜಯಪುರಕ್ಕೆ ಬನ್ನಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಕೆಲವು ವರ್ಷ ಅದೂ ಇಲ್ಲ. ಇಲ್ಲಿಯ ಹಳೆ ಮನೆಗಳದ್ದು ಸಪಾಟಾದ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ಸಣ್ಣ ಕಿಟಕಿ, ನಡುವೆ ಬೆಳಕಿಂಡಿ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಸಂಡಿಗೆ ಒಣಗುತ್ತದೆ, ಬೇಸಿಗೆ ರಾತ್ರಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಾರೆ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಸೋರದ ಹಾಗೆ ಮಾಡುತ್ತಾರೆ.

ಅಂದರೆ ಮನೆಯ ಆಕಾರದಲ್ಲೇ ಮಳೆಯ ಲೆಕ್ಕ ಇದೆ. ಮಾಳಿಗೆ ಇರುವುದರಿಂದ ಮಾಳಿಗೆಯ ಮೇಲಿನ ಬದುಕೂ ಇದೆ. ನೆಲವು ಸಂಸ್ಕೃತಿಯನ್ನು ಹೇಳುತ್ತದೆ ಅನ್ನುವ ದೊಡ್ಡ ಮಾತಿನ ಅರ್ಥ ಇಷ್ಟೇ. ಈಗ ಎರಡೂ ಕಡೆ ಆರ್‌ಸಿಸಿ ಮನೆಗಳು ಹೆಚ್ಚುತ್ತಿವೆ, ಊರುಗಳು ಒಂದೇ ಥರ ಕಾಣತೊಡಗಿವೆ. ಆದರೂ ರೈಲು ಹಾದುಹೋಗುವ ಹಳ್ಳಿಗಳಲ್ಲಿ ಹಳೆಯ ವ್ಯತ್ಯಾಸ ಇನ್ನೂ ಉಳಿದಿದೆ.

ಬೇರೆಯವರು ಏನು ಮಾಡಿದ್ದಾರೆ

ಸ್ವಿಟ್ಜರ್ಲೆಂಡಿನ ಬರ್ನಿನಾ ಎಕ್ಸ್‌ಪ್ರೆಸ್ ರೈಲನ್ನು ನೋಡಿ. ಅದು ಹಗಲಲ್ಲೇ ಓಡುತ್ತದೆ, ದೊಡ್ಡ ಗಾಜಿನ ಕಿಟಕಿ ಇಟ್ಟುಕೊಂಡು. 2,253 ಮೀಟರ್ ಎತ್ತರದ ಕಣಿವೆಮಾರ್ಗ ಏರಿ, ಇಟಲಿಯ ತಿರಾನೊ ಪಟ್ಟಣಕ್ಕೆ 429 ಮೀಟರಿಗೆ ಇಳಿಯುತ್ತದೆ. ಒಂದೇ ಪ್ರಯಾಣದಲ್ಲಿ ಜರ್ಮನ್, ರೊಮಾನ್ಷ್, ಇಟಾಲಿಯನ್ ಮೂರು ಭಾಷೆಯ ಸೀಮೆಗಳು ಬರುತ್ತವೆ. ಹಿಮದ ನೆಲ ಮುಗಿದು ದ್ರಾಕ್ಷಿಯ ನೆಲ ಶುರುವಾಗುತ್ತದೆ. ಮಾರ್ಗದಲ್ಲಿ ಸಿಗುವ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಕಮಾನು ಸೇತುವೆ ಕಟ್ಟಿದ್ದು ಸುಣ್ಣದಕಲ್ಲಿನಿಂದ. 2008ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ಸುತ್ತಲ ನೆಲದ ಜೊತೆಗೇ ವಿಶ್ವ ಪರಂಪರೆ ಎಂದು ಒಪ್ಪಿಕೊಂಡಿತು. ಹಳಿ ಮತ್ತು ನೆಲ ಬೇರೆ ಬೇರೆ ಎಂದು ಅವರು ನೋಡಲಿಲ್ಲ. ನಮ್ಮ ದೇಶದ ಡಾರ್ಜೀಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಮಾರ್ಗಗಳಿಗೂ ಇದೇ ಗೌರವ ಸಿಕ್ಕಿದೆ. ಆದರೆ ಮೂರೂ ಬೆಟ್ಟದ ಮಾರ್ಗಗಳು. ಬಯಲಿನ ಮಾರ್ಗಕ್ಕೆ ಚೆಲುವು ಇಲ್ಲ ಎಂಬ ಭಾವನೆ ಎಲ್ಲೋ ಬೇರೂರಿದೆ.

ನಾರ್ವೆಯ ಫ್ಲೋಮ್ ಮಾರ್ಗದ ಕತೆ ಬೇರೆ. ಸುಮಾರು 20 ಕಿಲೋಮೀಟರ್ ಉದ್ದ, 866 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. ನಡುವೆ ಒಂದು ಜಲಪಾತದ ಹತ್ತಿರ ರೈಲು ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸಂಗೀತ ಕೇಳಿಸುತ್ತದೆ, ಬಂಡೆಯ ಮೇಲೆ ಒಬ್ಬ ಹೆಣ್ಣು ಕುಣಿಯುತ್ತಾಳೆ. ಆಕೆ ಅಲ್ಲಿಯ ಜನಪದ ಕತೆಗಳಲ್ಲಿ ಬರುವ ಕಾಡಿನ ಮೋಹಿನಿ ಹುಲ್ದ್ರಾಳ ವೇಷದ ಕಲಾವಿದೆ. ಕೆಲವು ನಿಮಿಷ ಆಟ, ಮತ್ತೆ ರೈಲು ಮುಂದಕ್ಕೆ. ಜನಕ್ಕೆ ಖುಷಿ. ಕತೆ ಉಳಿಯಿತು ಅನ್ನುವವರಿದ್ದಾರೆ, ಕತೆ ಮಾರಾಟಕ್ಕೆ ಇಟ್ಟ ಸರಕಾಯಿತು ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಪ್ರಶ್ನೆ ಒಂದೇ. ಆ ಕತೆಯನ್ನು ಊರವರು ಇನ್ನೂ ತಮ್ಮ ಮಕ್ಕಳಿಗೆ ಹೇಳುತ್ತಿದ್ದರೆ ಕುಣಿತ ಇರಲಿ. ಪ್ರವಾಸಿಗರಿಗೆ ಮಾತ್ರ ಉಳಿದಿದ್ದರೆ ಯೋಚನೆ ಮಾಡಬೇಕು.

ಲೋಂಡಾದಿಂದ ಮೀರಜಕ್ಕೆ

ಈಗ ನಮ್ಮ ಕಡೆಗೆ ಬರೋಣ. ಬೆಳಗಾವಿ ಜಿಲ್ಲೆಯನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿ ಹೋಗುವುದು ಲೋಂಡಾ–ಮೀರಜ ಮಾರ್ಗ. ಲೋಂಡಾದಿಂದ ಪಶ್ಚಿಮಕ್ಕೆ ತಿರುಗಿದರೆ ಕ್ಯಾಸಲ್‌ರಾಕ್, ದೂಧಸಾಗರ, ಗೋವಾ. ಪೋರ್ಚುಗೀಸರ ಬಂದರು ಮುಟ್ಟುವ ಆ ಘಟ್ಟದ ಹಳಿ 1888ರಲ್ಲಿ ಶುರುವಾಯಿತು. 1:37ರ ಇಳಿಜಾರು, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಗಾಡಿಯನ್ನು ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನ್ ಬೇಕು. ನಮ್ಮ ಕಡೆಯ ರೈಲು ಪ್ರವಾಸ ಅಂದರೆ ಎಲ್ಲರ ಬಾಯಲ್ಲೂ ದೂಧಸಾಗರವೇ. ಮಳೆಗಾಲದಲ್ಲಿ ಹಳಿಯ ಮೇಲೆ ಜನ ಮುಗಿಬಿದ್ದು, ಕೆಳಗಿಳಿಯಬೇಡಿ, ಬೋಗಿಯಲ್ಲೇ ಕೂತು ನೋಡಿ ಎಂದು ರೈಲ್ವೆಯವರು ಕೇಳಿಕೊಳ್ಳಬೇಕಾಯಿತು. ದಯವಿಟ್ಟು ಆ ಮಾತು ಕೇಳಿ. ಹಳಿಯ ಮೇಲೆ ನಡೆಯುವುದು ಕಾನೂನು ಪ್ರಕಾರ ತಪ್ಪು, ಜೀವಕ್ಕೂ ಅಪಾಯ.

ಲೋಂಡಾದಿಂದ ಉತ್ತರಕ್ಕೆ ಹೊರಟರೆ ಮೊದಲು ಕಾಡು, ಕೆಂಪು ಜಂಬಿಟ್ಟಿಗೆ ನೆಲ, ಭತ್ತದ ಗದ್ದೆ, ಹಂಚಿನ ಮನೆ. ಖಾನಾಪುರದ ಹತ್ತಿರ ಮಲಪ್ರಭಾ ನದಿ ಸಿಗುತ್ತದೆ. ಅದು ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಇಲ್ಲಿ ಅದು ಇನ್ನೂ ಸಣ್ಣ ಮಲೆನಾಡಿನ ಹೊಳೆ. ಈ ನದಿಯನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು ಮಾರ್ಗದಲ್ಲಿ ಅದು ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಬೋಗಿಯೊಳಗೂ ಕಿವಿ ಕೊಡಿ. ಕೊಂಕಣಿ, ಮರಾಠಿ, ಕನ್ನಡ, ಉರ್ದು ಒಂದೇ ಸೀಟಿನ ಸಾಲಿನಲ್ಲಿ ಕೇಳಿಸುತ್ತವೆ. ಒಬ್ಬರೇ ಮೂರು ಭಾಷೆ ಆಡುವುದೂ ಸಾಮಾನ್ಯ. ಬೆಳಗಾವಿಯ ಗುರುತನ್ನು ಬರೀ ಗಡಿ ಜಗಳದ ಸುದ್ದಿಯಲ್ಲಿ ಕೇಳಿದವರು ಒಮ್ಮೆ ಈ ಪ್ಯಾಸೆಂಜರ್ ಗಾಡಿಯಲ್ಲಿ ಕೂರಬೇಕು. ಗಡಿ ಅನ್ನುವುದು ನಕ್ಷೆಯಲ್ಲಿ ಗೆರೆ. ನೆಲದ ಮೇಲೆ ಅದು ಅಗಲವಾದ ಒಂದು ಪಟ್ಟಿ, ಅದರಲ್ಲಿ ಲಕ್ಷಾಂತರ ಜನ ಎರಡೂ ಕಡೆ ನಂಟು ಇಟ್ಟುಕೊಂಡು ಬದುಕುತ್ತಾರೆ.

ಬೆಳಗಾವಿ ದಾಟಿದ ಮೇಲೆ ಬಯಲು ಬಿಚ್ಚಿಕೊಳ್ಳುತ್ತದೆ. ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳ ಸುತ್ತ ನೆಲ ಮತ್ತೆ ಬದಲಾಗುತ್ತದೆ. ಇಲ್ಲಿ ಮರಳುಗಲ್ಲಿನ ಗುಡ್ಡಗಳಿವೆ. ಘಟಪ್ರಭಾ ನದಿ ಆ ಗಟ್ಟಿ ಕಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುವುದೇ ಗೋಕಾಕ ಜಲಪಾತ. ರೈಲಿನಿಂದ ಅದು ಕಾಣುವುದಿಲ್ಲ, ಇಳಿದು ಹೋಗಬೇಕು. ಹೋದರೆ ಒಂದೇ ನೋಟದಲ್ಲಿ ಎಷ್ಟೋ ಕಾಲ ಕಾಣುತ್ತದೆ. ಕಲ್ಲಿನ ಅಂಚಿನಲ್ಲಿ ಚಾಲುಕ್ಯರ ಕಾಲದ ಗುಡಿಗಳು, ನದಿಯ ಮೇಲೆ ತೂಗುಸೇತುವೆ, ಪಕ್ಕದಲ್ಲಿ ನೀರಿನ ಬಲದಿಂದಲೇ ನಡೆಯಲೆಂದು 1880ರ ದಶಕದಲ್ಲಿ ಕಟ್ಟಿದ ನೂಲಿನ ಗಿರಣಿ. ಜಲಪಾತ ಅಂದರೆ ಹಿರಿಯರಿಗೆ ದೇವರು, ಗಿರಣಿಯವರಿಗೆ ಶಕ್ತಿ, ಪ್ರವಾಸಿಗೆ ಫೋಟೊ. ಇಲ್ಲಿ ಕುಣಿಯಲು ಮೋಹಿನಿ ಬೇಕಿಲ್ಲ. ಇರುವ ಕತೆಯನ್ನೇ ಸರಿಯಾಗಿ ಹೇಳಿದರೆ ಸಾಕು. ಹಾಗೇ ಕರದಂಟು ಕಟ್ಟಿಸಿಕೊಳ್ಳುವುದನ್ನು ಮರೆಯಬೇಡಿ.

ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಕಡೆ ಕಬ್ಬೇ ಕಬ್ಬು. ಸುಗ್ಗಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಗೇಟಿನ ಹತ್ತಿರ ಸಾಲುಗಟ್ಟಿ ನಿಂತಿರುತ್ತವೆ. ಹೊಲದ ಬದಿಗೆ ಕಬ್ಬು ಕಡಿಯುವ ತಂಡಗಳ ಗುಡಿಸಲು. ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಭಂಡಾರ ತೂರಿ ತೂರಿ ಊರೆಲ್ಲ ಹಳದಿಯಾಗುತ್ತದೆ. ಅದಾದ ಮೇಲೆ ಕೃಷ್ಣಾ ನದಿ, ಆಮೇಲೆ ಮೀರಜ.

ಗದಗಿನಿಂದ ಹೋಟಗಿಗೆ

ನನಗೆ ಇನ್ನೂ ಹತ್ತಿರವಾದದ್ದು ಎರಡನೆಯ ಮಾರ್ಗ. ಗದಗ–ಬಾದಾಮಿ–ಬಾಗಲಕೋಟೆ–ವಿಜಯಪುರ, ಕೊನೆಗೆ ಸೋಲಾಪುರದ ಹತ್ತಿರದ ಹೋಟಗಿ. ಇದನ್ನು ಯಾರೂ ಚೆಂದದ ರೈಲು ಮಾರ್ಗ ಅಂತ ಪಟ್ಟಿ ಮಾಡುವುದಿಲ್ಲ. ಇದು ಹುಟ್ಟಿದ್ದೂ ಚೆಂದಕ್ಕಾಗಿ ಅಲ್ಲ. 1876ರಿಂದ 1878ರ ತನಕ ದಖನ್ನಿನಲ್ಲಿ ಭೀಕರ ಬರ ಬಿತ್ತು. ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈಗಿನ ಬಾಗಲಕೋಟೆ, ವಿಜಯಪುರದ ಜನ ತತ್ತರಿಸಿದರು. ಬರ ಬಂದಾಗ ಧಾನ್ಯ ಸಾಗಿಸಲು ದಾರಿಯೇ ಇರಲಿಲ್ಲ. ಆ ಪಾಠದಿಂದ ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಈ ಸೀಮೆಗೆ ಮೀಟರ್ ಗೇಜ್ ಹಳಿ ಹಾಸಿತು. ಆಮೇಲೆ ಅದೇ ಹಳಿಯ ಮೇಲೆ ಹತ್ತಿ ಹೋಯಿತು, ಜೋಳ ಹೋಯಿತು, ಜನ ಹೋದರು. ಈಗಿನ ಬ್ರಾಡ್‌ಗೇಜ್ ಮಾರ್ಗದಲ್ಲಿ ಕೂತವರು ಬರದ ನೆನಪಿನ ಮೇಲೆಯೇ ಕೂತಿದ್ದಾರೆ.

ಹೊಳೆಆಲೂರಿನ ಹತ್ತಿರ ಮಲಪ್ರಭಾ ಮತ್ತೆ ಸಿಗುತ್ತದೆ. ಖಾನಾಪುರದಲ್ಲಿ ಕಂಡ ಹಸಿರು ಹೊಳೆ ಇಲ್ಲಿ ಬಯಲ ನದಿ. ಬೇಸಿಗೆಯಲ್ಲಿ ಬರೀ ಹೊಂಡ, ಮೇಲೆ ಮಳೆ ಜೋರಾದರೆ ಹೊಲ ನುಂಗುವ ಪ್ರವಾಹ. ಮುಂದೆ ಅದು ಪಟ್ಟದಕಲ್ಲಿನ ಹತ್ತಿರ ಉತ್ತರಕ್ಕೆ ತಿರುಗುತ್ತದೆ. ಉತ್ತರಕ್ಕೆ ಹರಿಯುವ ನದಿ ಪವಿತ್ರ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಚಾಲುಕ್ಯ ಅರಸರು ಪಟ್ಟ ಕಟ್ಟಿಸಿಕೊಳ್ಳಲು ಆ ಜಾಗ ಆರಿಸಿಕೊಂಡದ್ದರ ಹಿಂದೆ ಈ ತಿರುವು ಇದೆ ಎಂದು ಹೇಳುತ್ತಾರೆ. 300 ಕಿಲೋಮೀಟರಿಗೂ ಜಾಸ್ತಿ ಹರಿದು ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ಬಸವಣ್ಣನವರ ಐಕ್ಯ ಮಂಟಪ ಇದೆ. ಒಂದೇ ನದಿಯ ದಂಡೆಯ ಮೇಲೆ ಮಲೆನಾಡು, ಚಾಲುಕ್ಯರು, ಶರಣರು.

ಬಾದಾಮಿಯಲ್ಲಿ ಕಲ್ಲು ಕೆಂಪಾಗುತ್ತದೆ. ಇದು ಮರಳುಗಲ್ಲು, ಪದರ ಪದರವಾಗಿ ಕೂತದ್ದು. ಉಳಿಗೆ ಬಗ್ಗುತ್ತದೆ, ಬಂಡೆಯನ್ನೇ ಕೊರೆದು ಗುಹೆ ಮಾಡಬಹುದು. ಚಾಲುಕ್ಯರ ಒಂದನೆಯ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿದ್ದು ಬಂಡೆಯ ಮೇಲಿನ ಶಾಸನದಲ್ಲಿದೆ. ಮೂರನೆಯ ಗುಹೆಯಲ್ಲಿ 578ರ ಶಾಸನ ಇದೆ. ಗುಡ್ಡ ಎರಡೂ ಕಡೆ ಕೋಟೆಯಾಯಿತು, ನಡುವಿನ ತಗ್ಗು ಅಗಸ್ತ್ಯ ತೀರ್ಥದ ಕೆರೆಯಾಯಿತು, ಕಲ್ಲು ಗುಡಿಯಾಯಿತು. ಈ ಕಲ್ಲು ಇರದಿದ್ದರೆ ಚಾಲುಕ್ಯರ ಶಿಲ್ಪ ಹೀಗೆ ಇರುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ನಂಬಿಕೆ.

ಹತ್ತಿರದ ಬನಶಂಕರಿಗೆ ಹೋದರೆ ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು ಇಟ್ಟುಕೊಂಡು ಕರೆಯುವ ಅವ್ವಂದಿರು ಸಿಗುತ್ತಾರೆ. ‘ಬಾ ಯಪ್ಪಾ, ಉಂಡು ಹೋಗು’ ಅನ್ನುತ್ತಾರೆ. ಆ ಊಟದಲ್ಲಿ ಇರುವುದೆಲ್ಲ ಸುತ್ತಲ ಹೊಲದ್ದೇ. ಪುಷ್ಯದ ಹುಣ್ಣಿಮೆಗೆ ಜಾತ್ರೆ ಶುರುವಾದರೆ ನಾಟಕ ಕಂಪನಿಗಳ ಟೆಂಟುಗಳು ವಾರಗಟ್ಟಲೆ ಇರುತ್ತವೆ. ಮುಂದಿನ ನಿಲ್ದಾಣ ಗುಳೇದಗುಡ್ಡ ರೋಡ್. ಆ ಊರಿನ ಖಣ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ. ಇಳಕಲ್ ಸೀರೆಗೆ ಗುಳೇದಗುಡ್ಡ ಖಣ ಅನ್ನುವ ಜೋಡಿ ಇಲ್ಲದೆ ಇಲ್ಲಿಯ ಮದುವೆ ಪೂರ್ತಿಯಾಗುವುದಿಲ್ಲ. ಹತ್ತಿ ಬೆಳೆಯುವ ನೆಲದಲ್ಲಿ ಮಗ್ಗದ ಊರುಗಳು ಹುಟ್ಟಿದ್ದು ಆಶ್ಚರ್ಯವಲ್ಲ, ಅಲ್ವಾ?

ಬಾಗಲಕೋಟೆ ದಾಟಿ ಸೀತಿಮನಿ, ಆಲಮಟ್ಟಿ ನಡುವೆ ಕೃಷ್ಣಾ ಸೇತುವೆ. ಹಿನ್ನೀರು ತುಂಬಿದಾಗ ಕಣ್ಣು ಹಾಯುವ ತನಕ ನೀರು. ಪ್ರವಾಸಿಗರು ಇಲ್ಲಿ ಮೊಬೈಲ್ ಎತ್ತುತ್ತಾರೆ. ನಿಜಕ್ಕೂ ಚೆಂದದ ನೋಟ. ಆದರೆ ಆ ನೀರಿನ ಕೆಳಗೆ ಏನಿದೆ ಅಂತ ಕಿಟಕಿ ಹೇಳುವುದಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟು ತುಂಬಿದಾಗ ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಗುಡಿ, ಮಸೀದಿ, ಅಂಗಡಿ ಸಾಲು, ಹಬ್ಬದ ಮೆರವಣಿಗೆಯ ದಾರಿ ಎಲ್ಲ ಹೊಸದಾಗಿ ಹುಡುಕಿಕೊಂಡರು. ಅದೇ ನೀರು ಒಣ ಹೊಲಗಳಿಗೆ ಕಾಲುವೆಯಾಗಿ ಹೋಯಿತು. ಒಬ್ಬರಿಗೆ ಬೆಳೆ, ಒಬ್ಬರಿಗೆ ಕಳೆದ ಊರು. ಮುಳುಗಡೆಯವರ ಜೊತೆ ಮಾತಾಡದೆ ಈ ಜಿಲ್ಲೆಯ ಸಂಸ್ಕೃತಿ ವಿವರಿಸಲು ಯಾವ ಗೈಡ್‌ಗೂ ಸಾಧ್ಯವಿಲ್ಲ.

ಆಲಮಟ್ಟಿ ಬಿಟ್ಟ ಮೇಲೆ ವಿಜಯಪುರ ಜಿಲ್ಲೆ. ಬಸವನ ಬಾಗೇವಾಡಿಗೆ ಹೋಗುವವರಿಗೆಂದೇ ಒಂದು ನಿಲ್ದಾಣ ಇದೆ. ಇಲ್ಲಿಂದ ಮುಂದೆ ನೋಡಲು ಏನೂ ಇಲ್ಲ ಎಂದು ಹೇಳುವವರೇ ಜಾಸ್ತಿ. ಬೆಟ್ಟ ಇಲ್ಲ, ಕಾಡಿಲ್ಲ. ಕಪ್ಪು ನೆಲ, ಮೇಲೆ ದೊಡ್ಡ ಆಕಾಶ. ನಾನು ಒಪ್ಪುವುದಿಲ್ಲ. ಈ ನೆಲವನ್ನು ನೋಡಲು ಸ್ವಲ್ಪ ತಿಳಿದಿರಬೇಕು, ಅಷ್ಟೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದು ಹೆಪ್ಪುಗಟ್ಟಿತು. ಆ ಕರಿಕಲ್ಲು ಸವೆದು ಪುಡಿಯಾಗಿ ಆದದ್ದೇ ಎರಿ ಮಣ್ಣು. ಇದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ತೋಯ್ದರೆ ತಿಂಗಳುಗಟ್ಟಲೆ ತಂಪು ಹಿಡಿದಿಡುತ್ತದೆ. ಅದಕ್ಕೇ ಇಲ್ಲಿ ಹಿಂಗಾರಿ ಜೋಳ. ಮಳೆ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬರದಿದ್ದರೂ ನೆಲದ ತೇವದಲ್ಲೇ ಬೆಳೆ ಏಳುತ್ತದೆ. ಡೋಣಿ ನದಿಯ ಸಾಲಿನ ಹೊಲಗಳು ಜೋಳಕ್ಕೆ ಅಷ್ಟು ಹೆಸರು. ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳುವುದುಂಟು.

ಈ ಒಂದು ಮಣ್ಣಿನ ಗುಣದಿಂದ ಎಷ್ಟು ಹುಟ್ಟಿದೆ ನೋಡಿ. ಬಿಳಿ ಜೋಳದಿಂದ ರೊಟ್ಟಿ. ತೆಳ್ಳಗೆ ಬಡಿದು ಒಣಗಿಸಿದರೆ ದಿನಗಟ್ಟಲೆ ಕೆಡದ ಖಡಕ್ ರೊಟ್ಟಿ, ಅದೇ ದೂರ ಪ್ರಯಾಣದ ಬುತ್ತಿ. ರೈಲಿನಲ್ಲಿ ಬಟ್ಟೆಯ ಗಂಟು ಬಿಚ್ಚಿ ಪಕ್ಕದವರಿಗೂ ಅರ್ಧ ಮುರಿದು ಕೊಡುವ ರೂಢಿ ಇಲ್ಲಿ ಇನ್ನೂ ಇದೆ. ಜೋಳದ ದಂಟಿನಿಂದ ಕಣಿಕಿ, ಕಣಿಕಿಯಿಂದ ಎತ್ತಿನ ಹೊಟ್ಟೆ, ಎತ್ತಿನಿಂದ ಕಾರಹುಣ್ಣಿಮೆ. ಎಳ್ಳ ಅಮಾವಾಸ್ಯೆಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಕಡುಬು, ಭರ್ತ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಎದೆಯೆತ್ತರದ ಜೋಳದ ನಡುವೆ ಕೂತು ಉಣ್ಣುತ್ತಾರೆ. ಆ ದಿನ ಬಾಗಲಕೋಟೆಯಿಂದ ವಿಜಯಪುರದವರೆಗೆ ಹಗಲು ರೈಲಿನಲ್ಲಿ ಬಂದರೆ ಕಿಟಕಿಯ ಎರಡೂ ಬದಿಗೆ ಚಕ್ಕಡಿ, ಟ್ರ್ಯಾಕ್ಟರ್, ಹೊಸ ಸೀರೆ, ಓಡಾಡುವ ಮಕ್ಕಳು. ಟಿಕೆಟ್ ಇಟ್ಟು ತೋರಿಸುವ ಯಾವ ಉತ್ಸವವೂ ಇದಕ್ಕೆ ಸಾಟಿಯಲ್ಲ. ಯಾಕೆಂದರೆ ಇದು ಯಾರಿಗೂ ತೋರಿಸಲೆಂದು ನಡೆಯುತ್ತಿಲ್ಲ.

ವಿಜಯಪುರ ಹತ್ತಿರವಾದಂತೆ ಗೋಲ ಗುಮ್ಮಟ ಕಾಣುತ್ತದೆ. ಗದಗ ಕಡೆಯಿಂದ ಬರುವವರು ಎಡಗಡೆ ಕೂರಬೇಕು. ಬಯಲು ಸಪಾಟಾಗಿರುವುದರಿಂದ ಊರಿಗಿಂತ ಮೊದಲು ಗುಮ್ಮಟವೇ ಕಣ್ಣಿಗೆ ಬೀಳುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬ ಇಲ್ಲ. ಗೋಡೆ ಇಲ್ಲಿಯದೇ ಕರಿಕಲ್ಲು, ಗುಮ್ಮಟ ಇಟ್ಟಿಗೆ ಮತ್ತು ಗಾರೆ. ಬಾದಾಮಿಯವರು ಕೆಂಪು ಗುಡ್ಡವನ್ನು ಕೊರೆದರು, ಇಲ್ಲಿಯವರು ಗುಡ್ಡವಿಲ್ಲದ ಬಯಲಲ್ಲಿ ತಾವೇ ಗುಡ್ಡದಂಥದ್ದನ್ನು ಎಬ್ಬಿಸಿದರು. ಬಯಲಿನ ಊರಿಗೆ ಗುಮ್ಮಟ ದೂರದಿಂದಲೇ ಕಾಣುವ ಗುರುತೂ ಆಯಿತು.

ಗುಮ್ಮಟ ನೋಡಿ ಮರಳುವವರು ನೀರಿನ ಕೆಲಸವನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಆದಿಲ್ ಶಾಹಿಗಳ ದೊಡ್ಡ ಸಾಧನೆ ಅಲ್ಲಿದೆ. ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್, ತೊರವಿ ಕಡೆಯಿಂದ ನೆಲದೊಳಗೇ ನೀರು ತಂದ ಸುರಂಗ ಬಾವಡಿ. ಮಳೆ ಕಡಿಮೆ ಇರುವ ಬಯಲಿನಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಈ ಬಾವಿ, ಕೊಳವೆಗಳಿಂದ. ಕಿಟಕಿಯಿಂದ ಅವು ಕಾಣುವುದಿಲ್ಲ, ಟಾಂಗಾ ಹತ್ತಿ ಹೋಗಿ ನೋಡಿ.

ಉತ್ತರಕ್ಕೆ ಮಿಂಚನಾಳ, ನಿಂಬಾಳ, ಇಂಡಿ ರೋಡ್, ಲಚ್ಯಾಣ. ನಿಂಬಾಳದಲ್ಲಿ ಗುರುದೇವ ರಾನಡೆಯವರ ಆಶ್ರಮ. ಜಮಖಂಡಿಯಲ್ಲಿ ಹುಟ್ಟಿ, ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರಾದ ಅವರು 1957ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಇಂಡಿಯ ಸುತ್ತ ಲಿಂಬೆ ತೋಟ. ಈ ಕಡೆಯ ನಿಜವಾದ ‘ಪ್ರವಾಸಿ ರೈಲು’ ಯಾವುದು ಅಂದರೆ ಪಂಢರಪುರದ ಗಾಡಿ. ಮೈಸೂರಿನಿಂದ ಹೊರಡುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಈಗ ಪಂಢರಪುರದ ತನಕ ಹೋಗುತ್ತದೆ. ಸುಲ್ತಾನನ ಸಮಾಧಿಯ ಹೆಸರಿನ ಗಾಡಿಯಲ್ಲಿ ವಿಠ್ಠಲನ ಭಕ್ತರು ತಾಳ ಹಿಡಿದು ಕೂತಿರುತ್ತಾರೆ. ಮೈಸೂರಿಗೂ ಬಾಗಲಕೋಟೆಗೂ ಬಸವ ಎಕ್ಸ್‌ಪ್ರೆಸ್ ಇದೆ. ಬೆಳಗಾವಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬರುತ್ತದೆ. ಈ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಸೀಮೆ ತನ್ನನ್ನು ತಾನು ಹೇಗೆ ಕರೆದುಕೊಳ್ಳಲು ಬಯಸುತ್ತದೆ ಅನ್ನುವುದು ಅಲ್ಲೇ ಇದೆ.

ಕಿಟಕಿ ಬಿಟ್ಟುಬಿಡುವುದು

ಯಾವ ಪ್ರವಾಸಿ ರೈಲೂ ಇಡೀ ನೆಲವನ್ನು ತೋರಿಸುವುದಿಲ್ಲ. ಯಾರೋ ಕೂತು ಆರಿಸುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಓಡಬೇಕು, ಯಾವ ಊಟ ಬಡಿಸಬೇಕು. ಆ ಆಯ್ಕೆಯಲ್ಲಿ ಬರ ಬರುವುದಿಲ್ಲ, ಮುಳುಗಡೆ ಬರುವುದಿಲ್ಲ, ಗುಳೆ ಹೋಗುವವರು ಬರುವುದಿಲ್ಲ. ವಿಜಯಪುರ, ಬಾಗಲಕೋಟೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗೋವಾ, ಪುಣೆ, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಹಾಸಿಗೆ ಸುತ್ತಿ, ರೊಟ್ಟಿ ಗಂಟು ಕಟ್ಟಿ, ಮಕ್ಕಳನ್ನು ಎತ್ತಿಕೊಂಡು ಜನರಲ್ ಬೋಗಿ ಹತ್ತುವ ಅವರಿಗೂ ಇದೇ ಹಳಿ. ಅವರ ಪ್ರಯಾಣವೂ ಈ ನೆಲದ ಗುರುತಿನ ಭಾಗ. ಅದನ್ನು ಬಿಟ್ಟು ಬರೀ ಗುಡಿ, ಗುಮ್ಮಟ ತೋರಿಸಿದರೆ ತೋರಿಸಿದ್ದು ಅರ್ಧ ಮಾತ್ರ.

ಹಾಗಾದರೆ ಏನು ಮಾಡಬಹುದು? ಮಂಗಳೂರು ಮಾರ್ಗದ ಹಗಲು ರೈಲಿಗೆ 2021ರಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಘಟ್ಟಕ್ಕೆ ಅದು ಸರಿ. ನಮ್ಮ ಬಯಲಿಗೆ ಗಾಜಿನ ಛಾವಣಿ ಬೇಕಿಲ್ಲ. ಹಗಲು ಹೊತ್ತು ಬೇಕು, ತೆರೆಯುವ ದೊಡ್ಡ ಕಿಟಕಿ ಬೇಕು, ಬಾದಾಮಿಯಲ್ಲಿ ರೊಟ್ಟಿ ಮಾರುವ ಅವ್ವಂದಿರಿಗೆ ನಿಲ್ದಾಣದಲ್ಲೇ ಒಂದು ಜಾಗ ಬೇಕು, ಗುಳೇದಗುಡ್ಡ ರೋಡಿನಲ್ಲಿ ನೇಕಾರರ ಖಣ ನೇರವಾಗಿ ಸಿಗಬೇಕು. ಆಲಮಟ್ಟಿ ಸೇತುವೆ ಬರುವಾಗ ಮುಳುಗಿದ ಊರುಗಳ ಹೆಸರನ್ನು ಯಾರಾದರೂ ಓದಿ ಹೇಳಬೇಕು, ಆ ಊರಿನವರೇ ಹೇಳಿದರೆ ಇನ್ನೂ ಒಳ್ಳೆಯದು.

ನೀವೇ ಹೊರಡುವುದಾದರೆ ಐಷಾರಾಮಿ ರೈಲಿಗೆ ಕಾಯಬೇಡಿ. ಲೋಂಡಾ ಮಾರ್ಗಕ್ಕೆ ಜುಲೈ, ಆಗಸ್ಟ್ ಚೆಂದ. ಗದಗ–ಹೋಟಗಿ ಮಾರ್ಗಕ್ಕೆ ಡಿಸೆಂಬರಿನಿಂದ ಫೆಬ್ರವರಿ, ಜೋಳ ನಿಂತಿರುವಾಗ. ಎಸಿ ಬೋಗಿಯ ಮುಚ್ಚಿದ ಗಾಜಿಗಿಂತ ಸೆಕೆಂಡ್ ಕ್ಲಾಸಿನ ತೆರೆದ ಕಿಟಕಿ ಒಳ್ಳೆಯದು, ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ ಅನ್ನುವುದೂ ಗೊತ್ತಿರಲಿ.

ಈ ಎರಡೂ ಮಾರ್ಗಗಳನ್ನು ಜೋಡಿಸುವ ಕೆಲಸವೂ ನಡೆದಿದೆ. ಕುಡಚಿಯಿಂದ ಬಾಗಲಕೋಟೆಗೆ ಸುಮಾರು 142 ಕಿಲೋಮೀಟರಿನ ಹೊಸ ಹಳಿ. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿಯ ತನಕ ಮೊದಲು ಹಾಕಿದರು, ಮುಂದೆ ಲೋಕಾಪುರದ ಕಡೆ ಸಾಗಿದೆ. ಈ ಸೀಮೆಯವರು ದಶಕಗಳಿಂದ ಕೇಳುತ್ತ ಬಂದ ಮಾರ್ಗ ಇದು. ಪೂರ್ತಿಯಾದ ಮೇಲೆ ಬೆಳಿಗ್ಗೆ ಖಾನಾಪುರದ ಹಂಚಿನ ಮನೆಗಳ ನಡುವೆ ರೈಲು ಹತ್ತಿದವರು ಕಬ್ಬಿನ ಸೀಮೆ ದಾಟಿ, ಕೃಷ್ಣೆಯನ್ನು ದಾಟಿ, ಸಂಜೆ ಬೆಳಕಿರುವಾಗಲೇ ಎರಿ ಹೊಲಗಳ ವಿಜಯಪುರದಲ್ಲಿ ಇಳಿಯುವ ಹಾಗೆ ಒಂದು ಗಾಡಿ ಓಡಿಸಬಹುದು. ವೇಳಾಪಟ್ಟಿ ಬರೆಯುವವರು ಅದನ್ನು ಹಗಲಿಗೆ ಇಡಲಿ ಎಂದು ಈಗಿನಿಂದಲೇ ಕೇಳಬೇಕು.